ಸೂತ್ರ, ಭಾಷ್ಯ, ಆಚಾರ: ಭಾರತ ಸಂವಿಧಾನದ ಪರಿವರ್ತನೆಯನ್ನು ಕುರಿತ ಒಂದು ವಿಮರ್ಶೆ

ಯಾವ ಗ್ರಂಥವನ್ನು ಜನರು ಪೂಜೆಗೆ ಮಾತ್ರ ಇಡದೆ ನಿತ್ಯವ್ಯವಹಾರಕ್ಕೆ ಬಳಸುವರೋ ಆ ಗ್ರಂಥವು ಬರೆದಂತೆಯೇ ಉಳಿಯುವುದಿಲ್ಲ. ಅಕ್ಷರಗಳು ಹಾಗೆಯೇ ಇರಬಹುದು. ಅರ್ಥವು ನಡೆಯುತ್ತಲೇ ಇರುತ್ತದೆ. ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನ ವಾರ್ತಿಕಗಳೂ, ಅವೆರಡಕ್ಕೂ ಪತಂಜಲಿಯ ಮಹಾಭಾಷ್ಯವೂ ಒದಗಿದ ಮೇಲೆ, ಮೂವರು ಮುನಿಗಳಲ್ಲಿ ಅಭಿಪ್ರಾಯಭೇದ ಕಂಡಲ್ಲಿ ಹಿಂದಿನವನಿಗಿಂತ ಮುಂದಿನವನ ಮಾತೇ ಹೆಚ್ಚು ಪ್ರಮಾಣವೆಂದು ವೈಯಾಕರಣರು ನಿಶ್ಚಯಿಸಿದರು. ಸೂತ್ರಕಾರನಿಗೆ ಇದರಿಂದ ಅಗೌರವವಾಯಿತೆಂದು ಯಾರೂ ಭಾವಿಸಲಿಲ್ಲ. ಆತನ ಗ್ರಂಥವು ಜೀವಂತವಾಗಿರುವುದಕ್ಕೆ ಅದೇ ಸಾಕ್ಷಿಯಾಯಿತು. 1949ನೆಯ ಇಸವಿ ನವೆಂಬರ್ 26ರಂದು ಅಂಗೀಕೃತವಾಗಿ, 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದ ಭಾರತ ಸಂವಿಧಾನವೂ ಇಂಥದೊಂದು ಗ್ರಂಥವೇ ಸರಿ. ಆರಂಭದಲ್ಲಿ 395 ಅನುಚ್ಛೇದಗಳೂ 8 ಅನುಸೂಚಿಗಳೂ ಇದ್ದ ಈ ಗ್ರಂಥಕ್ಕೆ ವಾರ್ತಿಕಕಾರರುಂಟು, ಭಾಷ್ಯಕಾರರುಂಟು. ಇವರಿಬ್ಬರಿಗೂ ಕೇಳದಂತೆ ತನ್ನ ಪಾಡಿಗೆ ತಾನು ನಡೆಯುವ ಆಚಾರವೂ ಉಂಟು.

ಈ ಗ್ರಂಥದ ವಿಷಯದಲ್ಲಿ ವಿದ್ಯಾವಂತರ ಮನೆಗಳಲ್ಲಿಯೂ ಒಂದು ತಪ್ಪು ಭಾವನೆ ಬೇರೂರಿದೆ. ಸಂಸತ್ತು ತಿದ್ದಿದಾಗ ಮಾತ್ರ ಸಂವಿಧಾನವು ಬದಲಾಗುವುದು, ತಿದ್ದದಿದ್ದಾಗ ಇದ್ದಂತೆಯೇ ಇರುವುದು ಎಂಬುದೇ ಆ ಭಾವನೆ. 1950ರಿಂದ 2023ರ ವರೆಗೆ 106 ತಿದ್ದುಪಡಿಗಳಾದುವೆಂದು ಎಣಿಸಿ ಹೇಳುವವರು ಬದಲಾವಣೆಯ ಒಂದು ಭಾಗವನ್ನು ಮಾತ್ರ ಎಣಿಸಿದಂತಾಯಿತು. ಉಳಿದ ಭಾಗವು ನ್ಯಾಯಾಲಯಗಳ ತೀರ್ಪುಗಳಲ್ಲಿ, ಅಧಿಕಾರಿಗಳ ನೇಮಕಗಳಲ್ಲಿ, ರಾಜಭವನಗಳ ಮೌನದಲ್ಲಿ ನಡೆದುಹೋಗಿದೆ. ಇವುಗಳಲ್ಲಿ ಯಾವುದು ಸಾಧು, ಯಾವುದು ಅಸಾಧು ಎಂದು ಗೊತ್ತುಮಾಡುವುದಕ್ಕೆ ಒಂದು ಒರೆಗಲ್ಲು ಉಂಟೆ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ವಾರ್ತಿಕದ ಮಾರ್ಗವನ್ನು ನೋಡಬೇಕು. ಸಂವಿಧಾನದ ಕರ್ತೃಗಳು 368ನೆಯ ಅನುಚ್ಛೇದದಲ್ಲಿ ತಿದ್ದುಪಡಿಯ ಕ್ರಮವನ್ನು ವಿಧಿಸಿದರು. ಉಭಯ ಸದನಗಳಲ್ಲಿ ಒಂದೊಂದರಲ್ಲಿಯೂ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ಕೊಡುವವರಲ್ಲಿ ಮೂರನೆಯ ಎರಡು ಪಾಲಿಗೆ ಕಡಮೆಯಲ್ಲದ ಮತಗಳೂ ಬೇಕು. ರಾಷ್ಟ್ರಪತಿಯ ಚುನಾವಣೆ, ಉನ್ನತ ನ್ಯಾಯಾಲಯಗಳು, ಕೇಂದ್ರ ರಾಜ್ಯಗಳ ಅಧಿಕಾರವಿಭಾಗ ಮುಂತಾದುವನ್ನು ಮುಟ್ಟುವಾಗ ಅರ್ಧಕ್ಕೆ ಕಡಮೆಯಲ್ಲದಷ್ಟು ರಾಜ್ಯಗಳ ಶಾಸಕಾಂಗಗಳ ಅನುಮೋದನೆಯೂ ಬೇಕು. ಇವೆರಡರ ಹೊರಗೆ ಮೂರನೆಯದೊಂದು ಸುಲಭವಾದ ದಾರಿಯನ್ನೂ ಅವರೇ ತೆರೆದಿಟ್ಟರು. ರಾಜ್ಯಗಳ ಹೆಸರನ್ನೂ ಎಲ್ಲೆಯನ್ನೂ ಸಾಮಾನ್ಯ ಬಹುಮತದ ಕಾಯಿದೆಯಿಂದಲೇ ಬದಲಿಸಬಹುದು. ಅದನ್ನು ತಿದ್ದುಪಡಿಯೆಂದು ಎಣಿಸತಕ್ಕದ್ದಲ್ಲವೆಂದು 4ನೆಯ ಅನುಚ್ಛೇದವೇ ಹೇಳುತ್ತದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವಾದುದು ಈ ದಾರಿಯಿಂದಲೇ. ಒಂದು ನಾಡಿನ ಹೆಸರೇ ಅನುಸೂಚಿಯಲ್ಲಿ ಮಾರ್ಪಟ್ಟಿತು. ಆದರೂ ತಿದ್ದುಪಡಿಗಳ ಪಟ್ಟಿಯಲ್ಲಿ ಅದಕ್ಕೆ ಸಂಖ್ಯೆಯಿಲ್ಲ. ಲೆಕ್ಕದ ಪಟ್ಟಿಯನ್ನು ಮಾತ್ರ ನಂಬುವುದು ಸಾಲದೆಂಬುದಕ್ಕೆ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

ವಾರ್ತಿಕದ ದೊಡ್ಡ ಗುಣವೆಂದರೆ ಅದು ಬೆಳಕಿನಲ್ಲಿ ನಡೆಯುವುದು. ಮಂಡಿಸಿದವರು ಯಾರು, ಒಪ್ಪಿದವರು ಯಾರು, ವಿರೋಧಿಸಿದವರು ಯಾರು ಎಂಬುದೆಲ್ಲ ದಾಖಲೆಯಲ್ಲಿ ಉಳಿಯುತ್ತದೆ. 1951ರ ಮೊದಲನೆಯ ತಿದ್ದುಪಡಿಯು ವಾಕ್ಸ್ವಾತಂತ್ರ್ಯದ ಮೇಲಣ ನಿರ್ಬಂಧಗಳನ್ನು ವಿಸ್ತರಿಸಿತು. ಹಿಂದುಳಿದ ವರ್ಗಗಳಿಗಾಗಿ ವಿಶೇಷ ಏರ್ಪಾಡು ಮಾಡಲು ಅವಕಾಶ ಕೊಟ್ಟಿತು. ಒಂಬತ್ತನೆಯ ಅನುಸೂಚಿಯನ್ನು ಸೃಷ್ಟಿಸಿ, ಮೊದಲಿಗೆ 13 ಕಾಯಿದೆಗಳನ್ನು ನ್ಯಾಯಾಲಯದ ಕೈಗೆ ಎಟುಕದಂತೆ ಅಲ್ಲಿರಿಸಿತು. ಈ ಮೂರರಲ್ಲಿ ಯಾವುದನ್ನು ಮೆಚ್ಚಬೇಕು, ಯಾವುದನ್ನು ಮೆಚ್ಚಬಾರದು ಎಂಬ ವಿವಾದ ಇನ್ನೂ ಮುಗಿದಿಲ್ಲ. ಆದರೆ ಏನು ನಡೆಯಿತೆಂಬ ವಿಷಯದಲ್ಲಿ ವಿವಾದವೇ ಇಲ್ಲ. 1976ರ 42ನೆಯ ತಿದ್ದುಪಡಿಯು ತುರ್ತುಪರಿಸ್ಥಿತಿಯ ಕಾಲದಲ್ಲಿ, ವಿರೋಧಪಕ್ಷಗಳ ಅನೇಕ ನಾಯಕರು ಸೆರೆಯಲ್ಲಿದ್ದಾಗ ಅಂಗೀಕೃತವಾಯಿತು. ಪ್ರಸ್ತಾವನೆಯ ಮಾತುಗಳನ್ನೂ ಅದು ಬಿಡಲಿಲ್ಲ. ಆದರೂ ಬರೆದುದಾದ್ದರಿಂದ ಅದನ್ನು ಓದಲು ಸಾಧ್ಯವಾಯಿತು, ಓದಿದುದರಿಂದ ಸರಿಪಡಿಸಲು ಸಾಧ್ಯವಾಯಿತು. 1978ರ 44ನೆಯ ತಿದ್ದುಪಡಿಯು ಅದರ ಹಲವು ಅಂಶಗಳನ್ನು ಹಿಂತೆಗೆದು, ಆಂತರಿಕ ಕ್ಷೋಭೆಯೆಂಬ ಸಡಿಲವಾದ ಕಾರಣದ ಸ್ಥಾನದಲ್ಲಿ ಸಶಸ್ತ್ರ ಬಂಡಾಯವೆಂಬ ಬಿಗಿಯಾದ ಕಾರಣವನ್ನು ಇಟ್ಟಿತು. ಸಚಿವ ಸಂಪುಟದ ಲಿಖಿತ ನಿರ್ಣಯವಿಲ್ಲದೆ ತುರ್ತುಪರಿಸ್ಥಿತಿಯನ್ನು ಘೋಷಿಸಕೂಡದೆಂದೂ ವಿಧಿಸಿತು.

ವಾರ್ತಿಕವು ಸೂತ್ರವನ್ನೇ ನುಂಗಿಬಿಡಬಹುದೆ ಎಂಬ ಪ್ರಶ್ನೆಯು ಕಾಸರಗೋಡಿನ ಬಳಿಯ ಎಡನೀರು ಮಠದ ನಿಮಿತ್ತವಾಗಿ ತೀರ್ಮಾನಕ್ಕೆ ಬಂದಿತು. 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಆ ಪ್ರದೇಶದ ಮಠಾಧಿಪತಿಗಳಾದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನದಿಂದ ಮಠದ ಆಸ್ತಿಗೆ ಒದಗಿದ ಬಾಧೆಯನ್ನು ಕುರಿತು ಮೊರೆಯಿಟ್ಟರು. ಸರ್ವೋಚ್ಚ ನ್ಯಾಯಾಲಯದ 13 ಮಂದಿ ನ್ಯಾಯಮೂರ್ತಿಗಳು 68 ದಿನ ವಾದವನ್ನು ಕೇಳಿ, 1973ರ ಏಪ್ರಿಲ್ 24ರಂದು, 7ಕ್ಕೆ 6ರ ಅಂತರದಿಂದ ತೀರ್ಪಿತ್ತರು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲರಚನೆಯನ್ನು ಕೆಡಿಸಬಾರದು ಎಂಬುದು ಅದರ ತಾತ್ಪರ್ಯ. ಬೆಂಗಳೂರಿನ ಮಿನರ್ವಾ ಮಿಲ್ಲಿಗೆ ಸಂಬಂಧಿಸಿದ ವ್ಯಾಜ್ಯದಲ್ಲಿ 1980ರಲ್ಲಿ ಇದೇ ತತ್ತ್ವವನ್ನು ಪ್ರಯೋಗಿಸಿ, ತಿದ್ದುಪಡಿಯ ಅಧಿಕಾರಕ್ಕೆ ಎಲ್ಲೆಯೇ ಇಲ್ಲವೆಂದಿದ್ದ ವಾಕ್ಯಗಳನ್ನು ನ್ಯಾಯಾಲಯವು ರದ್ದುಪಡಿಸಿತು. ವಾಚಕರು ಇಲ್ಲಿ ಒಂದನ್ನು ಗಮನಿಸಬೇಕು. ಮೂಲರಚನೆಯೆಂಬ ಮಾತು ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ತಿದ್ದುಪಡಿಯ ಅತಿಪ್ರಯೋಗಕ್ಕೆ ಹಾಕಿದ ಕಟ್ಟೆಯು ತಿದ್ದುಪಡಿಯಿಂದ ಬಂದುದಲ್ಲ, ಭಾಷ್ಯದಿಂದ ಬಂದುದು.

ಭಾಷ್ಯದ ಶಕ್ತಿಯು ಎಷ್ಟೆಂಬುದನ್ನು 21ನೆಯ ಅನುಚ್ಛೇದವೊಂದೇ ತೋರಿಸಬಲ್ಲದು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಜನಿಸಿದ ಬೆನೆಗಲ್ ನರಸಿಂಗರಾಯರು ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡುಬಂದರು. ನ್ಯಾಯೋಚಿತ ಪ್ರಕ್ರಿಯೆಯೆಂಬ ವಿಶಾಲವಾದ ಮಾತನ್ನು ಇಟ್ಟರೆ ಚುನಾಯಿತ ಸಭೆಗಳ ಶಾಸನಗಳನ್ನು ನ್ಯಾಯಾಧೀಶರು ಮನಬಂದಂತೆ ತೊಡೆಯುವರೆಂಬ ಶಂಕೆಯಿಂದ, ಕಾನೂನು ಗೊತ್ತುಪಡಿಸಿದ ಕ್ರಮವೆಂಬ ಸಂಕುಚಿತವಾದ ಮಾತನ್ನೇ ಕರಡಿನಲ್ಲಿ ಸೇರಿಸಲಾಯಿತು. 1950ರಲ್ಲಿ ಗೋಪಾಲನ್ ಮೊಕದ್ದಮೆಯಲ್ಲಿ ನ್ಯಾಯಾಲಯವು ಆ ಸಂಕುಚಿತಾರ್ಥವನ್ನೇ ಎತ್ತಿಹಿಡಿಯಿತು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಆ ಕ್ರಮವು ನ್ಯಾಯವೂ ಯುಕ್ತವೂ ಆಗಿರಲೇಬೇಕೆಂದಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ 9 ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವೂ ಮೂಲಭೂತ ಹಕ್ಕೆಂದು ಸಾರಿದರು. ಈ 67 ವರ್ಷಗಳಲ್ಲಿ ಅನುಚ್ಛೇದದ ಒಂದಕ್ಷರವೂ ಕದಲಲಿಲ್ಲ. ಹೊರಗಿಟ್ಟ ಅರ್ಥವು ಹಿಂಬಾಗಿಲಿನಿಂದ ಒಳಬಂದು ಮನೆಯ ಯಜಮಾನಿಕೆಯನ್ನೇ ವಹಿಸಿತು.

ಭಾಷ್ಯವು ಕೆಲವೊಮ್ಮೆ ಸೂತ್ರವಾಗಿಯೂ ಪರಿಣಮಿಸುವುದುಂಟು. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಶಿಕ್ಷಣಕ್ಕೆ ವಸೂಲುಮಾಡುತ್ತಿದ್ದ ದುಬಾರಿ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ, 1992ರಲ್ಲಿ, ಜೀವಿಸುವ ಹಕ್ಕಿನಲ್ಲಿಯೇ ವಿದ್ಯೆಯ ಹಕ್ಕು ಅಡಗಿದೆಯೆಂದು ನ್ಯಾಯಾಲಯವು ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಆ ಹಕ್ಕನ್ನು ಹದಿನಾಲ್ಕು ವರ್ಷದ ವರೆಗಿನ ಮಕ್ಕಳಿಗೆ ಮಿತಗೊಳಿಸಿತು. 2002ರ 86ನೆಯ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಗ್ರಂಥದಲ್ಲಿಯೇ ಬರೆಯಿತು. ಇಲ್ಲಿ ತೀರ್ಪು ಮುಂದೆ ನಡೆಯಿತು, ತಿದ್ದುಪಡಿ ಹಿಂಬಾಲಿಸಿತು.

ಇನ್ನು ಆಚಾರದ ವಿಚಾರ. ರಾಷ್ಟ್ರಪತಿಗೆ ನೆರವನ್ನೂ ಸಲಹೆಯನ್ನೂ ನೀಡಲು ಮಂತ್ರಿಮಂಡಲವಿರತಕ್ಕದ್ದೆಂದು 74ನೆಯ ಅನುಚ್ಛೇದವು ಮೊದಲಿಗೆ ಹೇಳಿತ್ತು. ಆ ಸಲಹೆಯಂತೆಯೇ ನಡೆಯತಕ್ಕದ್ದೆಂದು ಹೇಳಿರಲಿಲ್ಲ. ಅಕ್ಷರವನ್ನು ಮಾತ್ರ ಹಿಡಿದರೆ ರಾಷ್ಟ್ರಪತಿಯು ಸರ್ವಾಧಿಕಾರಿ. ಇಂಗ್ಲೆಂಡಿನ ರೂಢಿಯನ್ನು ಹಿಡಿದರೆ ನಾಮಮಾತ್ರದ ಪ್ರಭು. 1960ರ ನವೆಂಬರಿನಲ್ಲಿ ರಾಷ್ಟ್ರಪತಿ ರಾಜೇಂದ್ರಪ್ರಸಾದರೇ ಬಹಿರಂಗ ಸಭೆಯಲ್ಲಿ ಈ ಅಧಿಕಾರಗಳ ವ್ಯಾಪ್ತಿಯನ್ನು ಪಂಡಿತರು ಶೋಧಿಸಬೇಕೆಂದು ಸೂಚಿಸಿದರು. ಆದರೆ ಅವರ ಕಾಲದಲ್ಲಿಯೂ ಅನಂತರವೂ ರೂಢಿಯೇ ಗೆದ್ದಿತು. 1974ರಲ್ಲಿ ಶಂಶೇರ್ ಸಿಂಗ್ ಮೊಕದ್ದಮೆಯಲ್ಲಿ ನ್ಯಾಯಾಲಯವು ಅದನ್ನು ದೃಢಪಡಿಸಿತು. 1976ರಲ್ಲಿ ಅದು ಗ್ರಂಥಸ್ಥವಾಯಿತು. 1978ರಲ್ಲಿ, ಸಲಹೆಯನ್ನು ಒಮ್ಮೆ ಪುನರ್ವಿಚಾರಕ್ಕೆ ಹಿಂದಿರುಗಿಸಬಹುದೆಂಬ ಹದವೂ ಸೇರಿತು. ಸದಾಚಾರವು ಶಾಸ್ತ್ರವಾಗುವ ಕ್ರಮ ಹೀಗೆ. ಅಮೆರಿಕದಲ್ಲಿ ವಾಷಿಂಗ್ಟನ್ನರು ಹಾಕಿಕೊಟ್ಟ ಎರಡು ಅವಧಿಗಳ ಮೇಲ್ಪಂಕ್ತಿಯನ್ನು 1940ರಲ್ಲಿ ರೂಸ್‌ವೆಲ್ಟರು ಮೀರಿದ ಮೇಲೆ, 1951ರಲ್ಲಿ ಅದನ್ನು 22ನೆಯ ತಿದ್ದುಪಡಿಯಾಗಿ ಬರೆದಿಡಬೇಕಾಯಿತು. ಅಲ್ಲಿ ರೂಢಿಯು ಮುರಿದ ಮೇಲೆ ಬರೆಹವಾಯಿತು. ಇಲ್ಲಿ ರೂಢಿಯು ನಿಂತ ಮೇಲೆ ಬರೆಹವಾಯಿತು.

ಕರ್ನಾಟಕವು ಇಂಥ ಸದಾಚಾರಕ್ಕೆ ಮಾದರಿಯಾದುದೂ ಉಂಟು. ಅಬ್ದುಲ್ ನಜೀರ್ ಸಾಹೇಬರು ಪಂಚಾಯತಿ ಮಂತ್ರಿಗಳಾಗಿದ್ದಾಗ ರೂಪುಗೊಂಡ 1983ರ ಕಾಯಿದೆಯು ಜಿಲ್ಲಾ ಪರಿಷತ್ತುಗಳನ್ನೂ ಮಂಡಲ ಪಂಚಾಯತಿಗಳನ್ನೂ ಸ್ಥಾಪಿಸಿ, ಸ್ತ್ರೀಯರಿಗೆ ನೂರಕ್ಕೆ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. 1987ರಲ್ಲಿ ಚುನಾವಣೆಗಳೂ ನಡೆದುವು. 1992ರ 73ನೆಯ ತಿದ್ದುಪಡಿಯು ದೇಶಕ್ಕೆಲ್ಲ ಪಂಚಾಯತಿಗಳನ್ನು ಕಡ್ಡಾಯಮಾಡುವುದಕ್ಕಿಂತ ಮೊದಲೇ ಒಂದು ನಾಡು ಅದನ್ನು ನಡೆಸಿ ತೋರಿಸಿತ್ತು.

ಆದರೆ ಆಚಾರವೆಲ್ಲವೂ ಸದಾಚಾರವಲ್ಲ. ಶಾಸನಸಭೆಯು ಸೇರದಿರುವ ವೇಳೆಯಲ್ಲಿ ತುರ್ತಾಗಿ ಬೇಕಾದಾಗ ಸುಗ್ರೀವಾಜ್ಞೆಯನ್ನು ಹೊರಡಿಸಬಹುದೆಂದು ಸಂವಿಧಾನವು ಹೇಳುತ್ತದೆ. ಸಭೆಯು ಪುನಃ ಸೇರಿದ ಮೇಲೆ ಆರು ವಾರಗಳಲ್ಲಿ ಅದು ಮುಗಿಯಬೇಕು. ಬಿಹಾರದಲ್ಲಿ 1967ರಿಂದ 1981ರ ವರೆಗೆ 256 ಸುಗ್ರೀವಾಜ್ಞೆಗಳನ್ನು ಹೊರಡಿಸಿ, ಕೆಲವನ್ನು ಮತ್ತೆ ಮತ್ತೆ ಹೊಸದೆಂಬಂತೆ ಹೊರಡಿಸುತ್ತ ಹದಿನಾಲ್ಕು ವರ್ಷದ ವರೆಗೂ ಜೀವಂತವಾಗಿಟ್ಟಿದ್ದರೆಂಬುದು ವಾಧ್ವಾ ಮೊಕದ್ದಮೆಯಲ್ಲಿ ಬೆಳಕಿಗೆ ಬಂದಿತು. 1986ರಲ್ಲಿ ನ್ಯಾಯಾಲಯವು ಇದನ್ನು ಸಂವಿಧಾನಕ್ಕೆ ಮಾಡಿದ ವಂಚನೆಯೆಂದು ಕರೆಯಿತು. ಪ್ರತಿಯೊಂದು ಸುಗ್ರೀವಾಜ್ಞೆಯೂ ಬಿಡಿಯಾಗಿ ನೋಡಿದರೆ ಅಕ್ಷರಕ್ಕೆ ಅನುಸಾರವೇ ಆಗಿತ್ತು. ಸಾಲಾಗಿ ನೋಡಿದರೆ ಶಾಸನಸಭೆಯೇ ಇಲ್ಲವಾಗಿತ್ತು.

1973ರಲ್ಲಿ ಎಡನೀರಿನ ತೀರ್ಪು ಹೊರಬಿದ್ದ ಎರಡು ದಿನಗಳೊಳಗೆ, ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಎಂಬ ಮೂವರು ನ್ಯಾಯಮೂರ್ತಿಗಳನ್ನು ದಾಟಿ ನಾಲ್ಕನೆಯವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ಸರ್ಕಾರಕ್ಕೆ ಪ್ರತಿಕೂಲವಾದ ಪಕ್ಷದಲ್ಲಿ ತೀರ್ಪಿತ್ತವರು. ಅವರಲ್ಲಿ ಕೆ. ಎಸ್. ಹೆಗ್ಡೆಯವರು ಕಾರ್ಕಳದ ಕಡೆಯವರು. ಅವರು ಮುಂದೆ ಲೋಕಸಭೆಯ ಅಧ್ಯಕ್ಷರಾದರು. ಹಿರಿತನವನ್ನೇ ಅನುಸರಿಸತಕ್ಕದ್ದೆಂದು ಸಂವಿಧಾನದಲ್ಲಿ ಬರೆದಿಲ್ಲ. ಆದುದರಿಂದ ಯಾವ ವಾಕ್ಯವೂ ಭಂಗವಾಗಲಿಲ್ಲ. ಆದರೆ ನ್ಯಾಯಪೀಠದ ನಿರ್ಭಯವನ್ನು ಕಾಪಾಡುತ್ತಿದ್ದ ಬೇಲಿಯೊಂದು ಬಿದ್ದುಹೋಯಿತು.

ರಾಜ್ಯ ಸರ್ಕಾರಗಳನ್ನು ವಜಾಮಾಡುವ 356ನೆಯ ಅನುಚ್ಛೇದದ ಕಥೆಯೂ ಹೀಗೆಯೇ. ಅದು ಬಳಕೆಗೆ ಬಾರದೆ ಸತ್ತ ಅಕ್ಷರವಾಗಿಯೇ ಉಳಿಯಲೆಂದು ಡಾಕ್ಟರ್ ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಹಾರೈಸಿದ್ದರು. ಅದು ನೂರಕ್ಕೂ ಹೆಚ್ಚು ಸಲ ಪ್ರಯೋಗವಾಯಿತು. 1977ರಲ್ಲಿ ಒಂದು ಪಕ್ಷವು ಒಂಬತ್ತು ರಾಜ್ಯ ಸರ್ಕಾರಗಳನ್ನು ಒಟ್ಟಿಗೆ ಕಿತ್ತರೆ, 1980ರಲ್ಲಿ ಮತ್ತೊಂದು ಪಕ್ಷವು ಅಷ್ಟನ್ನೇ ಕಿತ್ತಿತು. 1989ರ ಏಪ್ರಿಲ್ 21ರಂದು ಕರ್ನಾಟಕದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವು, ಕೆಲವು ಶಾಸಕರ ಪತ್ರಗಳ ಆಧಾರದ ಮೇಲೆ, ಸದನದಲ್ಲಿ ಬಹುಮತವನ್ನು ತೋರಿಸುವ ಅವಕಾಶವನ್ನೂ ಪಡೆಯದೆ ವಜಾ ಆಯಿತು. 1994ರ ಮಾರ್ಚ್ 11ರಂದು 9 ಮಂದಿ ನ್ಯಾಯಮೂರ್ತಿಗಳ ಪೀಠವು, ಬಹುಮತವನ್ನು ಅಳೆಯತಕ್ಕ ಸ್ಥಳ ಸದನವೇ ಹೊರತು ರಾಜಭವನವಲ್ಲವೆಂದೂ, ಇಂಥ ಘೋಷಣೆಯು ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದೆಂದೂ ನಿರ್ಣಯಿಸಿತು. ಅನಂತರ ವಜಾಗಳು ವಿರಳವಾದುವು. ದುರಾಚಾರವನ್ನು ಭಾಷ್ಯವು ತಡೆದುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ದುರ್ಲಭ.

ತಡೆದಷ್ಟೂ ಹೊಸ ದಾರಿ ಹುಟ್ಟುವುದೂ ನಿಜ. 1985ರ 52ನೆಯ ತಿದ್ದುಪಡಿಯು ಪಕ್ಷಾಂತರವನ್ನು ನಿಷೇಧಿಸಿತು. 2019ರಲ್ಲಿ ಕರ್ನಾಟಕದ ಶಾಸಕರು ಹಲವರು ಪಕ್ಷಾಂತರದ ಹೆಸರೆತ್ತದೆ ರಾಜೀನಾಮೆಯ ದಾರಿ ಹಿಡಿದರು, ಸರ್ಕಾರವು ಬಿದ್ದಿತು, 17 ಮಂದಿ ಅನರ್ಹರಾದರು. ಅನರ್ಹತೆಯನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದರೂ ಉಪಚುನಾವಣೆಗೆ ನಿಲ್ಲಲು ಅವಕಾಶವಿತ್ತಿತು. ಆ ಡಿಸೆಂಬರಿನಲ್ಲಿಯೇ ಹಲವರು ಬೇರೆ ಪಕ್ಷದಿಂದ ಗೆದ್ದುಬಂದರು. ಲೋಕಸಭೆಯು ಆದಷ್ಟು ಬೇಗ ಉಪಾಧ್ಯಕ್ಷರನ್ನು ಆರಿಸತಕ್ಕದ್ದೆಂದು 93ನೆಯ ಅನುಚ್ಛೇದವು ಹೇಳಿದ್ದರೂ, 2019ರಿಂದ 2024ರ ವರೆಗಿನ 17ನೆಯ ಲೋಕಸಭೆಯು ತನ್ನ ಪೂರ್ಣಾವಧಿಯನ್ನು ಉಪಾಧ್ಯಕ್ಷರಿಲ್ಲದೆಯೇ ಕಳೆಯಿತು. ವಿಧೇಯಕಕ್ಕೆ ಅಂಕಿತ ಹಾಕಲು ಕಾಲಮಿತಿಯನ್ನು ಬರೆಯದಿದ್ದುದರಿಂದ, 1986ರಲ್ಲಿ ಉಭಯ ಸದನಗಳು ಒಪ್ಪಿದ ಅಂಚೆ ವಿಧೇಯಕವನ್ನು ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತವನ್ನೂ ಹಾಕದೆ, ಹಿಂದಿರುಗಿಸಲೂ ಇಲ್ಲದೆ ಇಟ್ಟುಕೊಂಡರು. ಅದು ಕೊನೆಗೂ ಕಾಯಿದೆಯಾಗಲಿಲ್ಲ. ರಾಜ್ಯಪಾಲರ ಇಂಥ ಮೌನಕ್ಕೆ 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಮೊಕದ್ದಮೆಯ ತೀರ್ಪೊಂದು ಕಾಲಮಿತಿಯನ್ನು ವಿಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ಗ್ರಂಥದಲ್ಲಿಲ್ಲದ ಕಾಲಮಿತಿಯನ್ನು ನ್ಯಾಯಾಲಯವು ಹೇರಲಾಗದೆಂದು ಅಭಿಪ್ರಾಯವಿತ್ತಿತು. ಬರೆಯದೆ ಬಿಟ್ಟ ಒಂದು ಸಾಲಿನ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟಾದ ಮೇಲೆ ಒರೆಗಲ್ಲಿನ ವಿಚಾರ. ಮೀಮಾಂಸಕರು ಈ ಬಗೆಯ ತೊಡಕನ್ನು ಬಹುಕಾಲದ ಹಿಂದೆಯೇ ಎದುರಿಸಿದ್ದರು. ಶ್ರುತಿಗೆ ಪ್ರತ್ಯಕ್ಷವಾಗಿ ವಿರುದ್ಧವಾದ ಸ್ಮೃತಿಯೂ ಆಚಾರವೂ ಗ್ರಾಹ್ಯವಲ್ಲ. ಶ್ರುತಿಯು ಮೌನವಾಗಿರುವಲ್ಲಿ ಶಿಷ್ಟರ ಆಚಾರವು ಗ್ರಾಹ್ಯ. ಇವಲ್ಲದೆ ಮೂರನೆಯದೊಂದು ಸೂಕ್ಷ್ಮವನ್ನೂ ಅವರು ಹೇಳಿದರು. ವೈಸರ್ಜನ ಹೋಮದ ವಸ್ತ್ರವನ್ನು ಅಧ್ವರ್ಯುವು ತೆಗೆದುಕೊಳ್ಳುವನೆಂಬ ಸ್ಮೃತಿಯೊಂದುಂಟು. ಶ್ರುತಿಯು ಅದನ್ನು ನಿಷೇಧಿಸಿಲ್ಲ. ಆದರೂ ಅದು ಪ್ರಮಾಣವಲ್ಲ. ಏಕೆಂದರೆ ವಸ್ತ್ರದ ಆಸೆಯೇ ಆ ವಿಧಿಯ ಮೂಲವೆಂಬುದು ಕಣ್ಣಿಗೆ ಕಾಣುತ್ತದೆ. ಯಾರು ವಿಧಿಯನ್ನು ಹೇಳುವರೋ ಅವರಿಗೇ ಅದರ ಲಾಭವು ಸೇರುವುದಾದರೆ, ಆ ವಿಧಿಯನ್ನು ಸಂಶಯದಿಂದ ನೋಡಬೇಕೆಂಬುದು ಇದರ ಸಾರ.

ಈ ಕಲ್ಲಿನ ಮೇಲೆ ತಿಕ್ಕಿ ನೋಡಿದರೆ ಬಣ್ಣಗಳು ಬೇರೆಬೇರೆಯಾಗಿ ಕಾಣುವುವು. ರಾಷ್ಟ್ರಪತಿಯು ಸಲಹೆಗೆ ತಲೆಬಾಗುವ ರೂಢಿಯಲ್ಲಿ ಅಧಿಕಾರವುಳ್ಳವರು ತಮ್ಮನ್ನು ತಾವೇ ಕಟ್ಟಿಕೊಂಡರು; ಜಿಲ್ಲಾ ಪರಿಷತ್ತುಗಳಲ್ಲಿ ರಾಜಧಾನಿಯು ತನ್ನ ಅಧಿಕಾರವನ್ನು ಹಳ್ಳಿಗೆ ಹಂಚಿತು. ಇವು ಗ್ರಾಹ್ಯ. ಸುಗ್ರೀವಾಜ್ಞೆಯ ಸರಪಣಿಯಲ್ಲಿಯೂ, ರಾಜೀನಾಮೆಯ ಉಪಾಯದಲ್ಲಿಯೂ, ಹಿರಿಯ ನ್ಯಾಯಮೂರ್ತಿಗಳನ್ನು ದಾಟಿದ ನೇಮಕದಲ್ಲಿಯೂ ವಸ್ತ್ರವನ್ನು ಒಯ್ದವರು ಯಾರೆಂಬುದು ಸ್ಪಷ್ಟವಾಗಿದೆ. ಇವು ಅಗ್ರಾಹ್ಯ.

ಈ ಒರೆಗಲ್ಲು ಭಾಷ್ಯಕಾರರನ್ನೂ ಬಿಡತಕ್ಕದ್ದಲ್ಲ. ನ್ಯಾಯಮೂರ್ತಿಗಳ ನೇಮಕದಲ್ಲಿ ಮುಖ್ಯ ನ್ಯಾಯಮೂರ್ತಿಯೊಡನೆ ಸಮಾಲೋಚಿಸತಕ್ಕದ್ದೆಂದು ಸಂವಿಧಾನವು ಹೇಳಿತು. 1981ರಲ್ಲಿ ನ್ಯಾಯಾಲಯವು ಸಮಾಲೋಚನೆಯೆಂದರೆ ಸಮ್ಮತಿಯಲ್ಲವೆಂದಿತು. 1993ರಲ್ಲಿ ನ್ಯಾಯಪೀಠದ ಅಭಿಪ್ರಾಯಕ್ಕೇ ಪ್ರಾಧಾನ್ಯವೆಂದಿತು. 1998ರಲ್ಲಿ ಮುಖ್ಯ ನ್ಯಾಯಮೂರ್ತಿಯೂ ನಾಲ್ವರು ಹಿರಿಯರೂ ಸೇರಿದ ಕೊಲಿಜಿಯಂ ಸ್ಥಿರವಾಯಿತು. ಅದನ್ನು ಬದಲಿಸಲು ಬಂದ 2014ರ 99ನೆಯ ತಿದ್ದುಪಡಿಯನ್ನು 2015ರಲ್ಲಿ ನ್ಯಾಯಾಲಯವೇ 4ಕ್ಕೆ 1ರಂತೆ ರದ್ದುಪಡಿಸಿತು. ಇದರ ಪರವಾಗಿ ಹೇಳತಕ್ಕದ್ದು ಬಹಳವಿದೆ. 1973ರ ಅನುಭವವನ್ನು ಕಂಡವರು ಬಾಗಿಲಿಗೆ ಅಗಳಿ ಹಾಕಿದುದು ಆಶ್ಚರ್ಯವಲ್ಲ. ಕಾರಣಗಳನ್ನು ತೀರ್ಪಿನಲ್ಲಿ ಬರೆದು ಲೋಕದ ಮುಂದೆ ಇಟ್ಟರೆಂಬುದೂ ಗಣನೀಯ. ಆದರೂ ವಿಧಿಯನ್ನು ಹೇಳಿದವರೂ, ಅದರಿಂದ ಅಧಿಕಾರವನ್ನು ಪಡೆದವರೂ ಒಬ್ಬರೇ ಎಂಬ ದೋಷವನ್ನು ಮೀಮಾಂಸಕನು ಮುಚ್ಚಿಡಲಾರನು. ಕಾವಲಿಗೆಂದು ಹಾಕಿದ ಅಗಳಿಯು ಒಳಗಿನವರ ಅನುಕೂಲಕ್ಕೆ ಮಾತ್ರ ಸಲ್ಲಬಾರದಾದರೆ, ಆಯ್ಕೆಯ ಕಾರಣಗಳೂ ತೀರ್ಪುಗಳಂತೆಯೇ ಬಹಿರಂಗವಾಗಬೇಕು.

ಸಂವಿಧಾನದ ಆಕಾರವನ್ನು ಬದಲಿಸದೆ, ಆಡಳಿತದ ರೀತಿಯನ್ನು ಮಾತ್ರ ಬದಲಿಸಿ ಅದನ್ನು ಕೆಡಿಸಬಹುದೆಂದು ಅಂಬೇಡ್ಕರರು 1948ರ ನವೆಂಬರ್ 4ರಂದು ಸಭೆಗೆ ಎಚ್ಚರಿಕೆ ಕೊಟ್ಟಿದ್ದರು. ತಿದ್ದುಪಡಿಯಾದಾಗ ಪತ್ರಿಕೆಗಳು ಬರೆಯುವುವು, ಸಭೆಗಳು ಸೇರುವುವು, ಜನರು ಎಚ್ಚರಗೊಳ್ಳುವರು. ಆಚಾರವು ತಿರುಗಿದಾಗ ಗ್ರಂಥವು ಕಪಾಟಿನಲ್ಲಿ ಹಾಗೆಯೇ ಇರುವುದು. ಪ್ರತಿಯಲ್ಲಿ ಕಾಟು ಕಾಣದು. ಆದುದರಿಂದ ಸಂವಿಧಾನದ ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು ಮಕ್ಕಳಿಗೆ ಪ್ರಸ್ತಾವನೆಯನ್ನು ಕಲಿಸಿದರೆ ಕೆಲಸ ಮುಗಿಯಲಿಲ್ಲ. ಈ ವರ್ಷ ಯಾವ ಸಾಲು ಬದಲಾಯಿತೆಂದು ಕೇಳುವ ಜೊತೆಯಲ್ಲಿ, ಬದಲಾಗದ ಸಾಲಿನ ನಡೆ ಹೇಗೆ ಬದಲಾಯಿತು, ಅದರಿಂದ ಯಾರಿಗೆ ಲಾಭವಾಯಿತು, ಕಾರಣವನ್ನು ಹೇಳಿದರೆ ಅಥವಾ ಹೇಳದೆ ಬಿಟ್ಟರೆ ಎಂದೂ ಕೇಳತಕ್ಕದ್ದು. ಸೂತ್ರವನ್ನು ಕಂಠಪಾಠ ಮಾಡಿದವನನ್ನು ವ್ಯಾಕರಣಪಂಡಿತನೆಂದು ಯಾರೂ ಕರೆಯುವುದಿಲ್ಲ. ಪ್ರಯೋಗವನ್ನು ಬಲ್ಲವನನ್ನು ಮಾತ್ರ ಹಾಗೆ ಕರೆಯುವರು. ಪ್ರಜೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.